ಡಿಕ್ಕಿಯ ಫರ್ಸಿ, ತಿರುವಿನ ಸಾರು

ಚಿಂಚೋಳಿ ರಸ್ತೆಯ ಬೋರ್ಡನ್ನು ನಾನು ಕೊನೆತನಕ ಓದಿದ್ದೇ ಇರಲಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದುವವಳು ನಾನು. 'ಮುಂದೆ' ಎನ್ನುವಷ್ಟರಲ್ಲಿ ಕಾರು ಹೊರಳುತ್ತಿತ್ತು, ನಾನು ಹಿಂದಿನ ಸೀಟಿನ ಈ ಬಾಗಿಲಿನಿಂದ ಆ ಬಾಗಿಲಿಗೆ ಜಾರಿ ಹೋಗಿರುತ್ತಿದ್ದೆ. ಮುಂದೆ ಏನಿದೆ ಎಂದು ಬೋರ್ಡಿಗಿಂತ ಮೊದಲು ನನ್ನ ಭುಜವೇ ಹೇಳುತ್ತಿತ್ತು.

ಕಾರು ನಮ್ಮದೇ, ಹಳೆಯ ಬಿಳಿ ಅಂಬಾಸಿಡರ್. ಅದರ ಮೇಲೆ ನನಗೆ ಮಮತೆ ಗಿಮತೆ ಏನೂ ಇಲ್ಲ. ಸೀಟು ಕಟ್ಟೆಯಷ್ಟು ಎತ್ತರ ಇದೆ, ನನ್ನ ಮೊಣಕಾಲು ಮಡಚುವುದಿಲ್ಲ, ನಮ್ಮಿಬ್ಬರ ನಂಟು ಅಷ್ಟೇ. ಈಗಿನ ಕಾರಿನಲ್ಲಿ ಕೂತರೆ ನನ್ನನ್ನು ಎಬ್ಬಿಸಲು ಇಬ್ಬರು ಬೇಕು. ಆದರೆ ತಿರುವು ಬಂದರೆ ನಮ್ಮದು ಬೆದರಿದ ಎಮ್ಮೆಯ ಹಾಗೆ ಪಕ್ಕಕ್ಕೆ ವಾಲುತ್ತಿತ್ತು. ಯಜಮಾನರು ಅದಕ್ಕೊಂದು ಔಷಧ ಮಾಡಿದರು. ಹಿಂದಿನ ಡಿಕ್ಕಿಯಲ್ಲಿ ಎರಡು ಶಹಾಬಾದ್ ಫರ್ಸಿ ಕಲ್ಲು ಹಾಸಿದರು.

ನಮ್ಮ ಸೀಮೆಯವರಿಗೆ ಕಲ್ಲಿನ ಮೇಲಿರುವಷ್ಟು ನಂಬಿಕೆ ದೇವರ ಮೇಲೂ ಇಲ್ಲ. ನೆಲಕ್ಕೆ ಫರ್ಸಿ, ಮಾಳಿಗೆಗೆ ಫರ್ಸಿ, ಬಟ್ಟೆ ಒಗೆಯಲು ಫರ್ಸಿ, ಸತ್ತರೆ ಮೇಲೊಂದು ಫರ್ಸಿ. ಗಾಳಿಗೆ ತಗಡು ಹಾರಿದರೆ ಕಲ್ಲು ಹೇರುತ್ತೇವೆ. ಕಾರು ಅಲುಗಾಡಿದರೆ ಬಿಡುತ್ತೇವೆಯೇ? "ಭಾರ ಇದ್ರ ಕುಂದರ್ತದ" ಎಂದರು. ಕೂತದ್ದು ಖರೆ. ಹಿಂಭಾಗ ಪೂರ್ತಿ ಕೂತೇಬಿಟ್ಟಿತು. ತಿರುವಿನಲ್ಲಿ ಕಾರಿನ ಮುಂದಿನ ಅರ್ಧ ಚಿಂಚೋಳಿಗೆ ಹೊರಟರೆ ಹಿಂದಿನ ಅರ್ಧ ಹೊಲಕ್ಕೆ ಹೊರಡುತ್ತಿತ್ತು.

ಅಂಥದ್ದರಲ್ಲಿ ಚಿಂಚೋಳಿಯ ಬಸುರಿ ಮೊಮ್ಮಗಳಿಗೆ ಬಯಕೆ ಬುತ್ತಿ ಒಯ್ದೆ. ಹೋಳಿಗೆ, ಪುಂಡಿ ಪಲ್ಯ, ಬೋಗಾಣಿ ತುಂಬ ಕಟ್ಟಿನ ಸಾರು. ಸಾರೆಲ್ಲ ನನ್ನ ಸೀರೆಗೆ ಬಂತು. ಮೊಮ್ಮಗಳ ಅತ್ತೆ ಬಾಗಿಲಲ್ಲೇ ನಿಂತು ಮೇಲಿಂದ ಕೆಳಗೆ ನೋಡಿದಳು.

"ಯವ್ವಾ ಬೀಗತ್ಯಾರ, ಸಾರು ಉಟಗೊಂಡೇ ಬಂದೀರಲ್ರಿ!"

ಓಣಿಯೆಲ್ಲ ನಕ್ಕಿತು. ವಾಪಸು ಬರುವಾಗ ಯಜಮಾನರು, "ಈ ಡಬ್ಬಿ ಗುಜರಿಗೆ ಹಾಕ್ತೀನಿ" ಎಂದರು.

"ಮುಂದಿನ ಬುತ್ತಿನೂ ಇದರಾಗೇ ಒಯ್ತೀನಿ. ಒಂದು ಸೌಟು ಚೆಲ್ಲಿದ್ರ ಹಾಕ್ರಿ ಗುಜರಿಗೆ. ಅಲ್ಲಿತನಕ ಬಾಯಿ ಮುಚ್ಚಗೊಂಡು ವಾಡಿಗೆ ನಡೀರಿ."

ವಾಡಿಯ ಕಾರು ಮೇಸ್ತ್ರಿ ಮಹಬೂಬ ಬಾಯಿಬಡುಕ. ಡಿಕ್ಕಿ ತೆಗೆದವನೇ, "ಮುತ್ಯಾ, ಮನಿ ಕಟ್ಟಲಿಕ್ಕ ಹೊಂಟೀರೇನ್ರಿ?" ಎಂದ. ಆಮೇಲೆ ಕಾರಿನಡಿ ನುಸುಳಿ ಕೂಗಿದ: "ಆಯೀ, ಕಮಾನ್ ಪೂರಾ ಕುಂತಾವ್ರಿ!"

"ನಮ್ಮನಿ ಕಮಾನ್ ಗಟ್ಟಿ ಅದ. ನೀ ಕಾರ್ ನೋಡು" ಎಂದೆ. ಬಾಗಿಲ ಮೇಲಿನ ಕಲ್ಲಿನ ಕಮಾನು ಬಿಟ್ಟರೆ ಬೇರೆ ಕಮಾನು ನನಗೇನು ಗೊತ್ತು? ಅವನು ಕಾರಿನ ಕೆಳಗೇ ಬಿದ್ದು ನಕ್ಕ. ಆಮೇಲೆ ತೋರಿಸಿದ. ಒಂದರ ಮೇಲೊಂದು ಪೇರಿಸಿದ ಕಬ್ಬಿಣದ ಪಟ್ಟಿಗಳು. ಬಿಲ್ಲಿನ ಹಾಗೆ ಬಾಗಿರಬೇಕಾದವು ಕಲ್ಲಿನ ಭಾರಕ್ಕೆ ನೆಟ್ಟಗೆ ಮಲಗಿದ್ದವು.

"ಹೊಸಾವು ಹಾಕು. ಕಲ್ಲಿನಂಗ ಬಿಗಿ ಮಾಡು" ಎಂದರು ಯಜಮಾನರು. ಬುದ್ಧಿ ಮತ್ತೆ ಕಲ್ಲಿಗೇ ಹೋಯಿತು.

ಇಲ್ಲಿ ನಾನು ಬಾಯಿ ಹಾಕಿದೆ. ಕಾಗಿಣಾ ಹೊಳೆಯಿಂದ ತಲೆಯ ಮೇಲೆ ಎರಡೆರಡು ಕೊಡ ಹೊತ್ತವಳು ನಾನು. ಮೈ ಬಿಗಿಹಿಡಿದು ನಡೆಯುವವಳ ಕೊಡ ತುಳುಕುತ್ತದೆ. ಮೈ ಪೂರ್ತಿ ಸಡಿಲ ಬಿಟ್ಟವಳದು ಬೀಳುತ್ತದೆ. ಸೊಂಟ ಬಳುಕಬೇಕು, ಕತ್ತು ಅಲುಗಬಾರದು, ಕಾಲು ನೆಲ ಹಿಡಿಯಬೇಕು. ಕಾರು ಬೇರೆ ಏನು? ನೀರು ಹೊತ್ತ ಹೆಂಗಸೇ.

"ಆಯಿ ಹೇಳಿದ್ದೇ ಬರೋಬರ್ ಅದ ಮುತ್ಯಾ" ಎಂದ ಮಹಬೂಬ. ಬಳುಕಲು ಹೊಸ ಕಮಾನು ಹಾಕಿದ. ಬಳುಕಿದ್ದು ಅಲ್ಲಿಗೇ ನಿಲ್ಲಲಿ ಎಂದು ಹೊಸ ಶಾಕಪ್ ಹಾಕಿದ. ಒಂದು ಪಕ್ಕ ವಾಲಿದರೆ ಇನ್ನೊಂದು ಪಕ್ಕ ಹಿಡಿದೆಳೆಯಲಿ ಎಂದು ಮುಂದಿನ ಗಾಲಿಗಳ ನಡುವೆ ಅಡ್ಡಕ್ಕೊಂದು ದಪ್ಪ ಸರಳು ಕೂರಿಸಿದ. ಟಾಯರುಗಳು ಯಜಮಾನರ ತಲೆಯಷ್ಟೇ ನುಣ್ಣಗಾಗಿದ್ದವು. ತಲೆಗೆ ಉಪಾಯವಿಲ್ಲ. ಕಾರಿಗೆ ಸ್ವಲ್ಪ ಅಗಲದ ರೇಡಿಯಲ್ ಟಾಯರು ಬಂದವು. ಫರ್ಸಿಗಳನ್ನು ಮನೆ ಮುಂದೆ ಹಾಕಿಸಿದೆ, ಕೂರುವವರು ಕೂರಲಿ.

ಮತ್ತೆ ಬುತ್ತಿ. ಬೋಗಾಣಿಯನ್ನು ಕಾಲ ನಡುವೆ ಇಟ್ಟುಕೊಂಡು ಕೂತೆ. ಸುಲೇಪೇಟ ದಾಟಿದ ಮೇಲೆ ತಿರುವಿನ ಬೆನ್ನಿಗೆ ತಿರುವು. ಯಜಮಾನರ ಕಾಲು ಬ್ರೇಕಿನಿಂದ ಏಳಲೊಲ್ಲದು.

"ಯಾಕ ಒತ್ತಲಿಕತ್ತೀರಿ? ಹೆಣ ಒಯ್ಲಿಕತ್ತೀರೇನು? ಹೊಡೀರಿ!"

ಹೊಡೆದರು. ಕಾರು ಒಂದಿಷ್ಟೇ ಬಾಗಿತು, ನೆಲ ಕಚ್ಚಿತು, ತಿರುಗಿತು, ನೆಟ್ಟಗೆ ನಿಂತಿತು. ಸಾರು ಬೋಗಾಣಿಯ ಅಂಚಿನ ತನಕ ಬಂದು, ಬಗ್ಗಿ ನೋಡಿ, ಹಿಂದೆ ಹೋಯಿತು. ನಾನು ಕೂತಲ್ಲೇ ಕೂತಿದ್ದೆ. ಬದಿಗೆ ಬೋರ್ಡು ಕಂಡಿತು. ಓದಿದೆ, ಪೂರ್ತಿ: 'ಮುಂದೆ ತಿರುವು ಇದೆ, ನಿಧಾನವಾಗಿ ಚಲಿಸಿ.' ಇಷ್ಟು ವರ್ಷ ಇದನ್ನೇ ಹೇಳುತ್ತಿತ್ತೇ?

ಬೀಗತಿ ಬಾಗಿಲಲ್ಲೇ ಇದ್ದಳು. ಮೊದಲು ನನ್ನ ಸೀರೆ ನೋಡಿದಳು, ಒಂದು ಹನಿಯೂ ಬಿದ್ದಿರಲಿಲ್ಲ. ಬೋಗಾಣಿಯ ಮುಚ್ಚಳ ತೆಗೆದಳು, ತುಂಬಿತ್ತು. ಸೀಟು ಕೂಡ ಬಗ್ಗಿ ನೋಡಿದಳು. ಕೊನೆಗೆ ಅಂಗೈಗೆ ಒಂದಿಷ್ಟು ಸಾರು ಹಾಕಿಕೊಂಡು ನೆಕ್ಕಿದಳು.

"ಉಪ್ಪು ಕಮ್ಮಿ ಅದರಿ."

ಯಜಮಾನರು ಮುಖ ಸಣ್ಣದು ಮಾಡಿದರು. ನಾನು ಸೊಂಟದ ಮೇಲೆ ಕೈಯಿಟ್ಟು ಓಣಿಗೆಲ್ಲ ಕೇಳುವಂತೆ ನಕ್ಕೆ. ಸಾರಿನ ತಪ್ಪು ತೆಗೆಯಬೇಕಾದರೂ ಸಾರು ಮನೆ ಮುಟ್ಟಿರಬೇಕಲ್ಲ.

"ತರ್ರಿ ಉಪ್ಪು" ಎಂದೆ.