ಗುಡ್ಲು ಬೆಡಗಿನವರು

ಅಪ್ಪ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಮತ್ತೆ ಚಿತ್ರದುರ್ಗ. ವರ್ಷಗಟ್ಟಲೆ ಇದೇ ಸುತ್ತು. ಟಿಕೆಟ್ ಹರಿದು ಚಿಲ್ಲರೆ ಕೈಗಿಡುವಷ್ಟರಲ್ಲಿ ಹತ್ತಿದವರ ಊರು, ಮನೆತನ ಎಲ್ಲ ಕೇಳಿ ಮುಗಿಸುತ್ತಿದ್ದ. ನಮ್ಮ ಜನ ಎಂದು ಗೊತ್ತಾದರೆ ಮುಂದಿನ ಪ್ರಶ್ನೆ ಒಂದೇ: "ನಿಮ್ಮದ್ಯಾವ ಬೆಡಗು ಯಜಮಾನ್ರೆ?" ಕೆಲವರು ಹೇಳುತ್ತಿದ್ದರು. ಕೆಲವರು "ಹಾಫ್ ಟಿಕೆಟ್ಟಿಗೂ ಬೆಡಗು ಹೇಳ್ಬೇಕೇನಪ್ಪ?" ಎಂದು ನಗುತ್ತಿದ್ದರು. ನಕ್ಕರೂ ಅಪ್ಪ ಬಿಡುತ್ತಿರಲಿಲ್ಲ.

ಬೆಡಗು ಎಂದರೆ ಒಂದೇ ಮೂಲದಿಂದ ಬಂದ ಮನೆಗಳಿಗೆಲ್ಲ ಇರುವ ಹೆಸರು. ಅದು ಆಧಾರ್ ಕಾರ್ಡಿನಲ್ಲಿ ಇರುವುದಿಲ್ಲ, ಶಾಲೆಯ ಹಾಜರಿಯಲ್ಲೂ ಕೂಗುವುದಿಲ್ಲ. ಮದುವೆಯ ಮಾತು ಬಂದಾಗ ಮಾತ್ರ ಎದ್ದು ಕೂರುತ್ತದೆ. ಒಂದೇ ಬೆಡಗಿನವರು ಎಷ್ಟೇ ದೂರದ ಊರಿನವರಾದರೂ ಅಣ್ಣತಮ್ಮಂದಿರು. ಅವರೊಳಗೆ ಹೆಣ್ಣು ಕೊಡುವುದು, ತರುವುದು ಇಲ್ಲ. ಸೋದರಮಾವನನ್ನೇ ಕಟ್ಟಿಕೊಳ್ಳುವ ಜನ ನಾವು, ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮುಖ ನೋಡದ ಬೆಡಗಿನ ಅಣ್ಣ ಅಣ್ಣನೇ.

ನಮ್ಮದು ಗುಡ್ಲು ಬೆಡಗು. ಹೊಲ ಕಾಯಲು ಹಾಕುವ ಗುಡಿಸಲು ಇದೆಯಲ್ಲ, ಅದು. ಯಾವುದೋ ಕಾಲದಲ್ಲಿ ಕುದುರೆ ದಂಡು ಬಂದಾಗ ನಮ್ಮ ಮೂಲದ ಅಣ್ಣತಮ್ಮಂದಿರಿಬ್ಬರು ಹೊಲದ ಗುಡ್ಲಿನಲ್ಲಿ ಅಡಗಿದರಂತೆ. ಗುಡ್ಲಿನ ಮೇಲೆ ಹೀರೆ ಬಳ್ಳಿ ದಟ್ಟವಾಗಿ ಹಬ್ಬಿತ್ತಂತೆ, ದಂಡಿನವರಿಗೆ ಬಳ್ಳಿ ಕಂಡಿತೇ ಹೊರತು ಗುಡ್ಲು ಕಾಣಲಿಲ್ಲವಂತೆ. ಇಂಥ ಕಥೆ ಎಲ್ಲ ಬೆಡಗಿಗೂ ಇದೆ. ಗಿಡ ಒಂದು ಬದಲಾಗುತ್ತದೆ, ದಂಡು ಅದೇ. ಕಥೆ ಸುಳ್ಳೋ ನಿಜವೋ, ಅದರ ಕಟ್ಟುಪಾಡು ಮಾತ್ರ ನಮಗೆ ನಿಜವಾಗಿಯೇ ಬಂದಿತ್ತು. ನಾವು ಹೀರೇಕಾಯಿ ತಿನ್ನುವುದಿಲ್ಲ, ಕೊಯ್ಯುವುದೂ ಇಲ್ಲ. ಬಳ್ಳಿ ತಾನಾಗಿ ಹುಟ್ಟಿದರೆ ಕೀಳುವಂತಿಲ್ಲ. ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಣಗಿ ಬಳ್ಳಿ ತಾನಾಗಿ ಸಾಯುವ ತನಕ ಬಿಡಬೇಕು. ಹಾಸ್ಟೆಲಿನಲ್ಲಿ ಹೀರೇಕಾಯಿ ಚಟ್ನಿ ಮಾಡಿದ ದಿನವೆಲ್ಲ ನಾನು ಬರೀ ಮಜ್ಜಿಗೆ ಅನ್ನ ಉಂಡಿದ್ದೇನೆ.

ನಮ್ಮ ಮೂಲ ತುರುವನೂರಿನ ಹತ್ತಿರದ ಹಳ್ಳಿ. ಅಪ್ಪನ ಅಜ್ಜನಿಗೆ ಒಬ್ಬ ತಮ್ಮನಿದ್ದ. ಒಂದು ಜೋಡಿ ಎತ್ತಿನ ವಿಷಯಕ್ಕೆ ಇಬ್ಬರಿಗೂ ಜಗಳವಾಗಿ ತಮ್ಮ ಊರು ಬಿಟ್ಟುಹೋದ. ತೆಂಗಿನ ಸೀಮೆ ಕಡೆ ಹೋದ ಎಂದಷ್ಟೇ ಮನೆಯಲ್ಲಿ ಗೊತ್ತಿತ್ತು. ಉಳಿದ ಅಣ್ಣನಿಗೆ ಒಬ್ಬನೇ ಮಗ, ಆ ಮಗನಿಗೆ ಅಪ್ಪ ಒಬ್ಬನೇ, ಅಪ್ಪನಿಗೆ ನಾನೊಬ್ಬಳೇ. ಮನೆದೇವರಿಗೆ ಎಡೆ ಇಡುವ ದಿನ ಉಳಿದ ಬೆಡಗಿನವರೆಲ್ಲ ಗುಂಪುಗುಂಪಾಗಿ ನಿಲ್ಲುತ್ತಿದ್ದರು. ನಮ್ಮ ಎಡೆಯ ಮುಂದೆ ಅಪ್ಪ ಒಬ್ಬನೇ ಟವೆಲ್ಲು ಸೊಂಟಕ್ಕೆ ಬಿಗಿದು ನಿಂತಿರುತ್ತಿದ್ದ. ಹುಡುಗಿಯಾಗಿದ್ದಾಗ ನನಗೆ ಅದನ್ನು ನೋಡಲು ನಾಚಿಕೆಯಾಗುತ್ತಿತ್ತು, ದೊಡ್ಡವಳಾದ ಮೇಲೆ ಸಂಕಟವಾಗುತ್ತಿತ್ತು. ಬಸ್ಸಿನಲ್ಲಿ ಅವನು ಹುಡುಕುತ್ತಿದ್ದುದು, ಊರು ಬಿಟ್ಟವನ ವಂಶದ ಒಬ್ಬ ತಮ್ಮನನ್ನು.

ಎಷ್ಟು ಸಲ ಬೇಸ್ತು ಬಿದ್ದ ಎನ್ನುವುದಕ್ಕೆ ಲೆಕ್ಕವಿಲ್ಲ. ಭರಮಸಾಗರದ ಕಡೆ ಒಂದು ಮನೆಯನ್ನು ಗುಡ್ಲೋರ ಮನೆ ಅನ್ನುತ್ತಾರೆ ಎಂದು ಯಾರೋ ಹೇಳಿದರು. ಅಪ್ಪ ರಜೆ ಹಾಕಿ ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಹೋದ. ಅವರಜ್ಜ ಊರೊಳಗೆ ಮನೆ ಕಟ್ಟದೆ ಹೊಲದಲ್ಲೇ ಇದ್ದನಂತೆ, ಅದಕ್ಕೆ ಆ ಹೆಸರು. ಬೆಡಗು ಬೇರೆಯೇ. ಇನ್ನೊಂದು ಸಲ ಹಿರಿಯೂರು ತಾಲ್ಲೂಕಿನ ಗಡಿಯ ಹಳ್ಳಿಯಲ್ಲಿ ಒಬ್ಬ ಮುದುಕ "ಹೌದು, ನಾವು ಗುಡ್ಲೋರೆ, ಬರ್ರಿ, ಕುಂತ್ಕಳ್ರಿ" ಎಂದು ಕೈ ಹಿಡಿದು ಕೂರಿಸಿದ. ಅಷ್ಟರಲ್ಲಿ ಎಲೆ ಹಾಕಿ ಬಡಿಸಿದರು. ಮೊದಲು ಬಂದದ್ದೇ ಹೀರೇಕಾಯಿ ಪಲ್ಯ.

"ಆಮ್ಯಾಲೆ?" ಎಂದಳು ಅಮ್ಮ.

"ಹೊಟ್ಟೆನೋವು ಅಂದು ಎದ್ದು ಬಂದೆ. ಆ ವಯ್ಯ ಊಟಕ್ಕೆ ಜೊತೆ ಸಿಕ್ತು ಅಂತ ಹೂಂ ಅಂದಿದ್ದ ಕಣೆ."

ಅಮ್ಮ ನಕ್ಕೂ ನಕ್ಕೂ ಸುಸ್ತಾದಳು. ಅಪ್ಪ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ನಾನು ಓದು ಮುಗಿಸಿ ಹಿರಿಯೂರಿನಲ್ಲಿ ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿದೆ. ಮೂವತ್ತು ದಾಟಿತು. ಗಂಡುಗಳು ಬಂದರು, ಮಿರ್ಚಿ ಮಂಡಕ್ಕಿ ತಿಂದು ಹೋದರು. ನನ್ನ ನಾಲಿಗೆ ಸ್ವಲ್ಪ ಚುರುಕು ಎನ್ನುವುದು ನಾಲ್ಕು ತಾಲ್ಲೂಕಿಗೂ ಹಬ್ಬಿತ್ತು ಎಂದು ಅಮ್ಮನ ದೂರು. ಆಗ ಹೊಸದುರ್ಗದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ. ಅವರಪ್ಪ ತೆಂಗಿನಕಾಯಿ ವ್ಯಾಪಾರಿ. ಬೆಡಗು ಬೇರೆ, ಬೇಕಾದಷ್ಟು ಮನೆಗಳಿರುವ ದೊಡ್ಡ ಬೆಡಗು. ಹುಡುಗ ನನ್ನನ್ನು ನೋಡಲು ಬಂದಾಗ, ಲ್ಯಾಬಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿ, ನಾನು ಹೇಳುತ್ತಿದ್ದಂತೆ ಬಿಳಿಚಿಕೊಂಡ. "ಸೂಜಿ ಅಂದ್ರೆ ನಂಗೆ ಕಣ್ಣು ಕತ್ತಲೆ ಬರ್ತೈತ್ರಿ" ಎಂದ. ಅಲ್ಲಿಯ ತನಕ ಬಂದವರಲ್ಲಿ ಯಾರೂ ತಮಗೆ ಭಯವಿದೆ ಎಂದು ಒಪ್ಪಿಕೊಂಡಿರಲಿಲ್ಲ. ಆಮೇಲೆ ಫೋನಿನಲ್ಲಿ ಮಾತಾಡಿದೆವು. ಅವನು ನನಗೆ ಇಷ್ಟವಾದ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಮನೆ ನೋಡಲು ಹುಡುಗಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಬಾಳುವವಳು ನಾನು, ನೋಡುವವರು ನೀವಾ ಎಂದು ಜಗಳ ತೆಗೆದು ನಾನೂ ಹೋದೆ. ಹೊಸದುರ್ಗದ ಹತ್ತಿರದ ಹಳ್ಳಿ, ಗಟ್ಟಿಯಾದ ಹಳೇ ಮನೆ. ಅಮ್ಮ ನಡುಮನೆಯಲ್ಲಿ ಬೀಗಿತ್ತಿಯಾಗುವವರ ಜೊತೆ ಮಾತಿಗೆ ಕೂತಳು. ಊಟಕ್ಕೆ ಮುಂಚೆ ಕೈಕಾಲು ತೊಳೆಯಲು ನಾನು, ಅಪ್ಪ ಹಿತ್ತಲಿಗೆ ಹೋದೆವು. ಹುಡುಗನ ಅಜ್ಜಿ ಚೊಂಬಿನಲ್ಲಿ ನೀರು ಹಿಡಿದು ನಿಂತಿತ್ತು.

ಬಚ್ಚಲ ಸೂರಿನ ತುಂಬ ಹೀರೆ ಬಳ್ಳಿ ಹಬ್ಬಿತ್ತು. ಕಾಯಿಗಳೆಲ್ಲ ಒಣಗಿ ನಾರಾಗಿ ನೇತಾಡುತ್ತಿದ್ದವು. ಬೀಜಕ್ಕೆಂದು ಒಂದೆರಡು ಬಿಡುವುದುಂಟು, ಇಲ್ಲಿ ಒಂದನ್ನೂ ಕೊಯ್ದಿರಲಿಲ್ಲ. ನಾನು ಕೆಳಗೆ ನೋಡಿದೆ. ಬಳ್ಳಿಯ ಬುಡದಲ್ಲಿ ಕುಂಕುಮ ಇತ್ತು.

"ಇದನ್ಯಾಕಜ್ಜಿ ಕೊಯ್ಯದೆ ಬಿಟ್ಟೀರಿ?" ಅಪ್ಪನ ಧ್ವನಿ ಮಾಮೂಲಾಗಿಯೇ ಇತ್ತು.

"ನಮ್ಮನೇಲಿ ಮುಟ್ಟಲ್ಲಪ್ಪ. ನಮ್ಮ ಮಾವ ಮಾಡಿಟ್ಟಿದ್ದು. ಯಾಕೆ ಅಂದ್ರೆ ಹೇಳ್ತಿರ್ಲಿಲ್ಲ. ಅವ್ರು ಹೋದ ಮ್ಯಾಲೂ ಹಂಗೇ ನಡ್ಕಂಡು ಬಂತು."

"ಅವ್ರು ಈ ಊರೋರೇನಾ?"

"ಎಲ್ಲೀದು, ಈ ಮನೆಗೆ ಮನೆ ಅಳಿಯ ಆಗಿ ಬಂದೋರು. ತುರುವನೂರು ಕಡೆಯೋರಂತೆ. ಎತ್ತಿನ ಸಲುವಾಗಿ ಅಣ್ಣನ ಕೂಡ ಜಗಳ ಆಡ್ಕಂಡು ಬಂದೋರು, ಆಮ್ಯಾಲೆ ಆ ಕಡೆ ತಲೇನೇ ಹಾಕ್ಲಿಲ್ಲ. ತೊಳ್ಕಳಪ್ಪ, ನೀರು ಹಾಕ್ತೀನಿ."

ಅಪ್ಪ ಕೈ ಚಾಚಿದ. ಅಜ್ಜಿ ನೀರು ಹಾಕುತ್ತಲೇ ಇತ್ತು, ಅಪ್ಪ ತೊಳೆಯುತ್ತಲೇ ಇದ್ದ.

ನಮ್ಮಲ್ಲಿ ಮನೆ ಅಳಿಯನ ಮಕ್ಕಳು ತಾಯಿಯ ಮನೆಯ ಬೆಡಗಿಗೆ ಸೇರುತ್ತಾರೆ. ಮೂರು ತಲೆ ಕಳೆಯುವುದರಲ್ಲಿ ಗುಡ್ಲು ಎಂಬ ಹೆಸರನ್ನೇ ಆ ಮನೆಯವರು ಕೇಳಿರಲಿಲ್ಲ. ಹೀರೆ ಪದ್ಧತಿ ಮಾತ್ರ ಕಾರಣ ಗೊತ್ತಿಲ್ಲದೆ ಉಳಿದಿತ್ತು. ಒಳಗೆ ಚಾಪೆ ಹಾಸುತ್ತಿದ್ದ ಹುಡುಗನ ತಂದೆ ಅಪ್ಪನಿಗೆ ತಮ್ಮನಾಗಬೇಕು. ಹುಡುಗ ನನಗೆ ಅಣ್ಣನಾಗಬೇಕು. ಬಾಯಿ ಬಿಟ್ಟರೆ ಅಪ್ಪನಿಗೆ ತಮ್ಮ ಸಿಗುತ್ತಾನೆ, ನನ್ನ ಮದುವೆ ಅಲ್ಲಿಗೆ ಮುರಿಯುತ್ತದೆ.

ವಾಪಸ್ ಬರುವಾಗ ಅಮ್ಮ ಮುಂದಿನ ಸೀಟಿನಲ್ಲಿ ನಿದ್ದೆ ಹೋದಳು. ಹೊಳಲ್ಕೆರೆ ಬರುವ ತನಕ ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ ಕೇಳಿದ. "ನೋಡ್ದೇನಮ್ಮ?"

"ನೋಡ್ದೆ."

ನನಗೆ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂದರೆ, ಎತ್ತಿಗಾಗಿ ಕಿತ್ತಾಡಿದ ಆ ಇಬ್ಬರು ಮುದುಕರ ಮೇಲೆ. "ಅದೆಲ್ಲ ಯಾವ ಕಾಲದ ಮಾತಪ್ಪ. ದಿನಾ ರಕ್ತ ನೋಡೋಳು ನಾನು. ಇಷ್ಟು ದೂರದ್ದಕ್ಕೆ ಏನೂ ಆಗಲ್ಲ. ಸೋದರಮಾವನ್ನ ಮಾಡ್ಕಂಡ್ರೆ ಆಗೋದಕ್ಕಿಂತ ಎಷ್ಟೋ ವಾಸಿ" ಎಂದೆ.

"ರಕ್ತದ ಮಾತಲ್ಲಮ್ಮ ಅದು" ಎಂದ ಅಪ್ಪ. "ಆ ಹುಡುಗನಪ್ಪ ನಮ್ಮಪ್ಪನ ಥರಾನೇ ಮೂಗು ತಿಕ್ಕೊಂತಾನೆ. ನೀನು ನಿಮ್ಮಜ್ಜನ್ನ ನೋಡಿಲ್ಲ."

ನಾನು ಅಲ್ಲೇ ಬಸ್ಸಿನಲ್ಲಿ ಅತ್ತುಬಿಟ್ಟೆ. ಆ ಹುಡುಗ ನನಗೆ ಬೇಕಾಗಿದ್ದ. ಅಪ್ಪ ಎಷ್ಟು ವರ್ಷ ಹುಡುಕಿದ್ದ ಎನ್ನುವುದೂ ನನಗೆ ಗೊತ್ತಿತ್ತು. ಅವನನ್ನು ನನಗೆ ಬಿಟ್ಟುಕೊಡು ಎಂದು ಕೇಳಲು ಬಾಯಿ ಬರಲಿಲ್ಲ. ಅಪ್ಪ ಹೆಗಲ ಟವೆಲ್ಲು ತೆಗೆದು ನನ್ನ ಮಡಿಲಿಗೆ ಹಾಕಿದ.

ಮರುದಿನ ನಾನೇ ಹುಡುಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು, "ನಮ್ಮ ಮುತ್ತಜ್ಜ ಎತ್ತು ಬಿಟ್ಟು ಬಂದಿದ್ದಕ್ಕೆ ನಾನು ನಿನ್ನ ಬಿಡಬೇಕಾ?" ಎಂದ. "ನಂಗಿದು ಗೊತ್ತೇ ಇಲ್ಲ ಅನ್ಕ. ನಿಮ್ಮಪ್ಪಾರು ಏನಂತಾರೋ ಅದು" ಎಂದ.

ಅಪ್ಪ ಏನೂ ಅನ್ನದೆ ವೀಳ್ಯಶಾಸ್ತ್ರದ ದಿನ ಬಂತು. ಎಲೆ ಅಡಿಕೆ ಬದಲಾಯಿಸುವ ಮುಂಚೆ ಹಿರಿಯರೊಬ್ಬರು ಎರಡೂ ಕಡೆಯ ಬೆಡಗನ್ನು ಎಲ್ಲರೆದುರು ಕೇಳುವುದು ನಮ್ಮ ಕಟ್ಟಳೆ. ಹುಡುಗನ ತಂದೆ ತಮ್ಮ ದೊಡ್ಡ ಬೆಡಗನ್ನು ಗಟ್ಟಿಯಾಗಿ ಹೇಳಿದರು. ನಾನು ಒಳಬಾಗಿಲಲ್ಲಿ ನಿಂತಿದ್ದೆ. ಅಪ್ಪ ಎದ್ದು ನಿಂತ.

"ನಮ್ದು ಗುಡ್ಲು. ಬ್ಯಾರೆ ಬ್ಯಾರೆ ಐತೆ, ಏನೂ ಅಡ್ಡಿ ಇಲ್ಲ."

"ಏನು ಕಂಡಕ್ಟ್ರೆ, ಬಸ್ಸಿನಾಗೆ ಅಷ್ಟು ವರ್ಷ ಕೇಳಿದ್ರಿ. ನಿಮ್ಮೋರು ಯಾರಾದ್ರು ಸಿಕ್ಕರಾ?" ಎಂದರು ಹಿರಿಯರು. ಎಲ್ಲರೂ ನಕ್ಕರು.

"ಇಲ್ರಿ. ನಮ್ದೊಂದೇ ಮನೆ" ಎಂದ ಅಪ್ಪ.

ಎಲೆ ಅಡಿಕೆ ಕೈಬದಲಾಯಿತು. ಈಗ ನನಗೆ ಮಾವನಾದ ಹುಡುಗನ ತಂದೆ ಅಪ್ಪನ ಎರಡೂ ಕೈ ಹಿಡಿದುಕೊಂಡು, "ಹಂಗಂದ್ರೆ ಹೆಂಗ್ರಿ ಬೀಗ್ರೆ" ಎಂದರು. "ಕಾಯಿ ವ್ಯಾಪಾರಕ್ಕೆ ನಾನು ತಿರುಗದ ಊರಿಲ್ಲ. ನಾನು ಹುಡುಕ್ತೀನಿ ನಿಮ್ಮೋರ್ನ. ಎಲ್ಲೋ ಇದ್ದೇ ಇರ್ತಾರೆ ಬಿಡ್ರಿ."

"ಬ್ಯಾಡ್ರಿ ಬೀಗ್ರೆ, ಸುಮ್ನೆ ತ್ರಾಸು" ಎಂದ ಅಪ್ಪ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಒಂದು ಲೋಟ ನೀರು ಕುಡಿದೆ.

ಮದುವೆಯಾದ ಮೇಲೆ ಅಮ್ಮ ಮೊದಲ ಸಲ ನಮ್ಮ ಮನೆಗೆ ಬಂದಾಗ ಹೀರೆ ಬಳ್ಳಿ ಹಬ್ಬಿದ ಹಿತ್ತಲಿಗೆ ಹೋಗಿದ್ದಳು. ಒಳಗೆ ಬಂದು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಕಾಫಿಗೆ ಹಾಲು ಇದೆಯಾ ಎಂದಳು. ಅಷ್ಟೇ. ಈಗ ನನಗೊಬ್ಬಳು ಮಗಳಿದ್ದಾಳೆ, ಆರೋಗ್ಯವಾಗಿದ್ದಾಳೆ, ನಾಲಿಗೆ ನನಗಿಂತ ಚುರುಕು.

ಮಾವ ಮಾತ್ರ ಕೊಟ್ಟ ಮಾತು ಬಿಡುವವರಲ್ಲ. ತೋಟಕ್ಕೆ ಕಾಯಿ ನೋಡಲು ಹೋದಲ್ಲೆಲ್ಲ ಗುಡ್ಲು ಬೆಡಗಿನವರು ಯಾರಾದರೂ ಇದ್ದಾರಾ ಎಂದು ವಿಚಾರಿಸುತ್ತಾರೆ. ಸುಳಿವು ಸಿಕ್ಕರೆ ಚಿತ್ರದುರ್ಗಕ್ಕೆ ಫೋನು. "ಬೀಗ್ರೆ, ಹೊಳಲ್ಕೆರೆ ಮಗ್ಗಲಾಗೆ ಒಂದು ಮನೆ ಐತಂತೆ. ಬರ್ರಿ, ಹೋಗಾಣ." ಮೊದಮೊದಲು ಅಪ್ಪ ಏನೋ ನೆಪ ಹೇಳುತ್ತಿದ್ದ. ಈಗ ಕರೆದ ದಿನವೇ ಹೊರಟು ಬರುತ್ತಾನೆ. ಮಾವನ ಮೊಪೆಡ್ಡಿನಲ್ಲಿ ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆಗೆ ಧೂಳು ಹೊಡೆದುಕೊಂಡು ಬರುತ್ತಾರೆ. ಯಾರೂ ಸಿಕ್ಕಿರುವುದಿಲ್ಲ. ಮಾವನಿಗೆ ಬೇಜಾರು, ಅಪ್ಪ ಎರಡು ಮುದ್ದೆ ಉಣ್ಣುತ್ತಾನೆ.

ಹೋದ ತಿಂಗಳು ಹಾಗೇ ಬಂದವನನ್ನು ಬಸ್ಸು ಹತ್ತಿಸಲು ಹೋಗಿದ್ದೆ. ನನಗೆ ತಡೆಯಲಾಗಲಿಲ್ಲ. "ಇಲ್ಲದೋರ್ನ ಹುಡುಕೋಕೆ ಅಂತ ಮಾವನ್ನ ಯಾಕಪ್ಪ ಈ ವಯಸ್ಸಿನಾಗೆ ಅಲೆದಾಡಿಸ್ತೀಯ? ಸಿಗಲ್ಲ ಅಂತ ನಿಂಗೆ ಗೊತ್ತಲ್ಲ" ಎಂದೆ.

ಅಪ್ಪ ಬಸ್ಸು ಬರುವ ದಿಕ್ಕಿಗೆ ನೋಡಿದ.

"ಹೋಗ್ತಾ ಬರ್ತಾ ಗಾಡಿ ಹಿಂದೆ ಅವನ ಹೆಗಲ ಮ್ಯಾಲೆ ಕೈ ಇಟ್ಕಂಡು ಕುಂತಿರ್ತೀನಲ್ಲ ಕಣಮ್ಮ" ಎಂದ.