ಒಂದೂ ಸಿಕ್ಕಲಿಲ್ಲ ಎಂದ ವಿದ್ಯಾರ್ಥಿನಿ

ಕೋಡಿಂಬಾಳದಿಂದ ಬಸ್ಸಿನಲ್ಲಿ ಪುತ್ತೂರಿಗೆ ಬಂದು ನನ್ನ ಫಿಸಿಕ್ಸ್ ಕ್ಲಾಸಿನಲ್ಲಿ ಕೂರುತ್ತಿದ್ದ ಹುಡುಗಿ ಈಗ ವಿದೇಶದಲ್ಲಿ, ಬೆಟ್ಟದ ಅಡಿಯ ಪ್ರಯೋಗಾಲಯವೊಂದರಲ್ಲಿ ಕಪ್ಪುದ್ರವ್ಯವನ್ನು ಹುಡುಕುತ್ತಾಳೆ. ಕಳೆದ ವರ್ಷ ರಜೆಯಲ್ಲಿ ಊರಿಗೆ ಬಂದಿದ್ದಾಗ, ನಮ್ಮ ಕಾಲೇಜಿನ ಮಕ್ಕಳಿಗೆ ಆ ಕೆಲಸದ ಬಗ್ಗೆ ಕನ್ನಡದಲ್ಲೇ ಹೇಳು ಎಂದು ಕೇಳಿಕೊಂಡೆ. ಕನ್ನಡದಲ್ಲಿ ಯಾವತ್ತೂ ಹೇಳಿದ್ದಿಲ್ಲವೆಂದು ಅಳುಕಿದಳು. ಆದರೂ ಬಂದಳು.

ಕಪ್ಪುದ್ರವ್ಯ ಕಣ್ಣಿಗೆ ಕಾಣುವುದಿಲ್ಲ, ಆದರೆ ನಕ್ಷತ್ರಗಳನ್ನೆಲ್ಲ ತನ್ನ ಸೆಳೆತದಲ್ಲಿ ಹಿಡಿದಿಟ್ಟಿದೆ ಎಂದು ಶುರು ಮಾಡಿದಳು. ಗಾಳಿಯೇ ಇಲ್ಲದ ದಿನವೂ ಸಂಪಾಜೆ ರಸ್ತೆಯಲ್ಲಿ ಬೈಕ್ ಓಡಿಸಿದರೆ ಮುಖಕ್ಕೆ ಗಾಳಿ ಬಡಿಯುತ್ತದಲ್ಲ, ಹಾಗೆ. ಸೂರ್ಯನ ಜೊತೆ ನಾವೂ ರಾಜಹಂಸ ನಕ್ಷತ್ರಪುಂಜದ ಕಡೆಗೆ ಓಡುತ್ತಿರುವುದರಿಂದ ಕಪ್ಪುದ್ರವ್ಯದ ಕಣಗಳು ಆ ಗಾಳಿಯಂತೆ ಎದುರಿನಿಂದ ಬರಬೇಕು. ತೆಳು ಅನಿಲ ತುಂಬಿದ ಪೆಟ್ಟಿಗೆಯಲ್ಲಿ ಒಂದು ಕಣ ಪರಮಾಣುವಿಗೆ ಗುದ್ದಿದರೆ ಸಣ್ಣ ಗೀರು ಮೂಡುತ್ತದೆ. ಅದು ಯಾವ ದಿಕ್ಕಿನದೆಂದು ನೋಡುವುದೇ ಅವಳ ಕೆಲಸ.

"ಇಷ್ಟರವರೆಗೆ ಎಷ್ಟು ಸಿಕ್ಕಿತು ಮೇಡಂ?" ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು.

"ಒಂದೂ ಸಿಕ್ಕಲಿಲ್ಲ."

ಸಭೆ ನಕ್ಕಿತು. ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ, ಇದನ್ನು ಹೇಳಲು ಅಷ್ಟು ದೂರದಿಂದ ಬರಬೇಕಿತ್ತೇ ಎಂದು ಗೊಣಗಿದರು. ನಗು ನಿಲ್ಲುವವರೆಗೆ ಕಾದು ಅವಳು ಮುಂದುವರಿಸಿದಳು. ಒಮ್ಮೆ ಗೀರುಗಳು ಕಾಣಿಸಿಕೊಂಡಿದ್ದವು. ತಂಡಕ್ಕೆಲ್ಲ ಸಂಭ್ರಮ. ಅವು ನಿಜವಾಗಿಯೂ ಕಪ್ಪುದ್ರವ್ಯದವಾಗಿದ್ದರೆ, ಭೂಮಿ ತಿರುಗಿದಂತೆ ಅವುಗಳ ದಿಕ್ಕೂ ತಿರುಗಬೇಕಿತ್ತು. ಇವಳು ವಾರಗಟ್ಟಲೆ ಕೂತು ನೋಡಿದಳು. ಹಗಲೂ ರಾತ್ರಿಯೂ ಒಂದೇ ಕಡೆಯಿಂದ ಬರುತ್ತಿದ್ದವು. ಆಕಾಶದಿಂದಲ್ಲ, ಪೆಟ್ಟಿಗೆಯ ಗೋಡೆಗೆ ಅಂಟಿದ್ದ ವಿಕಿರಣ ಸೂಸುವ ಕಸದಿಂದ. ತಂಡದಲ್ಲಿ ಎಲ್ಲರಿಗಿಂತ ಕಿರಿಯಳಾದ ಇವಳೇ ಎದ್ದು ನಿಂತು ಅದನ್ನು ಹೇಳಿದಳು. ಹಿರಿಯರು ಮತ್ತೆ ಪರೀಕ್ಷಿಸಿ ಒಪ್ಪಿಕೊಂಡರು.

ಈಗ ಯಾರೂ ನಗಲಿಲ್ಲ. ಸಿಕ್ಕಿತೆಂದು ಹೇಳಿದ್ದರೂ ನನಗೆ ಇಷ್ಟು ಹೆಮ್ಮೆ ಆಗುತ್ತಿರಲಿಲ್ಲವೇನೋ.

ಆಮೇಲೆ ಚಹಾ ಕುಡಿಯುವಾಗ, ಅಷ್ಟು ಜನರ ಸಂತೋಷ ಕೆಡಿಸಲು ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ.

"ಹೆದರಿಕೆ ಇತ್ತು ಮೇಡಂ. ಊಟ ಸೇರ್ತಿರ್ಲಿಲ್ಲ. ಆದ್ರೆ ಗೊತ್ತಿದ್ದೂ ಸುಮ್ಮನೆ ಕೂತ್ಕೊಳ್ಳುದು ಹೇಗೆ?"

ಈಗ ಇನ್ನೂ ದೊಡ್ಡ ಪೆಟ್ಟಿಗೆ ಕಟ್ಟುತ್ತಿದ್ದಾರಂತೆ. ಅದರ ಗೋಡೆಗಳ ಜವಾಬ್ದಾರಿ ಇವಳಿಗೇ ಕೊಟ್ಟಿದ್ದಾರೆ.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಅವಳು ಹತ್ತಿದ ಕಡಬದ ಬಸ್ಸು ಹೊರಟ ಮೇಲೂ ಕಿಟಕಿಯ ಕಡೆಗೆ ಕೈ ಬೀಸುತ್ತಿದ್ದ ನನ್ನನ್ನು ನೋಡಿ ಪಕ್ಕದಲ್ಲಿದ್ದ ಹೆಂಗಸು, "ಮಗಳಾ?" ಎಂದರು.

"ಅಲ್ಲ, ನನ್ನ ಸ್ಟೂಡೆಂಟ್," ಎಂದೆ. ಅಷ್ಟು ದೊಡ್ಡದಾಗಿ ಹೇಳುವ ಅಗತ್ಯವಿರಲಿಲ್ಲ. ಆಚೆ ಬೆಂಚಿನವರೂ ತಿರುಗಿ ನೋಡಿದರು.