ಅತ್ತೆ ಮಡಿಚಿಟ್ಟು ಹೋದ ನೈಟಿ

ಅತ್ತೆ ತಿರುಗಿ ಬರುತ್ತಾರೋ ಇಲ್ಲವೋ ಎಂಬ ಚಿಂತೆ ಕೂಸಿಗೆ ಹಾಲುಣಿಸುವಾಗಲೂ ನನ್ನನ್ನು ಬಿಡುತ್ತಿಲ್ಲ. ‘ಅಣ್ಣಗ ಆರಾಮಿಲ್ಲ’ ಎಂದು ಹೇಳಿ ನಿನ್ನೆ ಮುಂಜಾನೆ ಗುಡೂರಿನ ಬಸ್ಸು ಹತ್ತಿದರು. ಹೋಗುವ ಮುಂಚೆ ತಮ್ಮ ನೈಟಿಯನ್ನು ಮಡಿಚಿ ನನ್ನ ಟ್ರಂಕಿನ ಮೇಲೆ ಇಟ್ಟಿದ್ದರು. ಅವರ ಅಣ್ಣನಿಗೆ ಏನೂ ಆಗಿಲ್ಲವೆಂದು ನನಗೆ ಗೊತ್ತು.

ನನ್ನ ಅತ್ತೆ ಕಾಳವ್ವ ಗುಡೂರಿನಿಂದ ಇಳಕಲ್ಲಿನ ಈ ನೇಕಾರರ ಓಣಿಗೆ ಸೊಸೆಯಾಗಿ ಬಂದಾಗ ಕಚ್ಚೆ ಹಾಕಿ ಸೀರೆ ಉಡುತ್ತಿದ್ದರು. ಓಣಿಯ ಹೊಸ ಸೊಸೆಯರು ಆಗಲೇ ಕಚ್ಚೆ ಬಿಟ್ಟಿದ್ದರು. ಅವರನ್ನು ನೋಡಿ ಇವರೂ ಬಿಟ್ಟರು. ಸಿಟ್ಟಾದ ಅವರ ಅತ್ತೆ ಇವರ ಕೈಯಿಂದ ನೀರು ಕುಡಿಯದೆ ಇಡೀ ಶ್ರಾವಣ ಕಳೆದರಂತೆ.

‘ಮಂದಿ ಮುಂದ ನನ್ನ ಮಾನ ಕಳದಿ ಅಂತಿದ್ಲು. ಸಾಯೂತನಕ ಅಂದ್ಲು,’ ಎಂದು ಕಾಳವ್ವತ್ತೆ ಒಮ್ಮೆ ಮಾವನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ನಗುತ್ತಲೇ ಹೇಳಿದ್ದರು.

ನೈಟಿಯನ್ನು ಈ ಓಣಿಗೆ ತಂದವಳು ನಾನು. ಹುಬ್ಬಳ್ಳಿಯಲ್ಲಿ ಓದಿ ಬೆಳೆದವಳು. ಬಾಣಂತನ ಮುಗಿಸಿ ಬರುವಾಗ ಜೊತೆಗೆ ತಂದಿದ್ದೆ. ಪಕ್ಕದ ಮನೆಯ ಮಾದೇವಿ ಮೊದಲು ನಕ್ಕಳು, ಆಮೇಲೆ ಅಳತೆಗೆಂದು ಒಂದನ್ನು ಒಯ್ದಳು. ದೀಪಾವಳಿ ಹೊತ್ತಿಗೆ ಓಣಿಯ ಹೆಂಗಸರು ನೈಟಿಯ ಮೇಲೆ ಟವೆಲ್ ಹೊದ್ದು ನಳದ ಮುಂದೆ ನಿಲ್ಲತೊಡಗಿದ್ದರು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವಾಗ ಅತ್ತೆಯ ಸೀರೆ ತೊಯ್ದು ಭಾರವಾಗುತ್ತಿತ್ತು. ಅವರಿಗೂ ಒಂದು ಹೊಲಿಸಿದೆ.

ಮಾವ ಹನಮಪ್ಪ ನೋಡಿ, ‘ಇನ್ನ ನಾ ನೇಯ್ದ ಸೀರಿ ಯಾರು ಉಡಬೇಕು?’ ಎಂದರು.

‘ನೀವು ಉಡ್ರಿ,’ ಎಂದರು ಅತ್ತೆ.

ಮೊನ್ನೆ ನನ್ನ ಗೆಳತಿ ಶೈಲಶ್ರೀ ಇಳಕಲ್ ಸೀರೆಯ ಬಗ್ಗೆ ಪತ್ರಿಕೆಗೆ ಬರೆಯಲೆಂದು ಕ್ಯಾಮೆರಾ ಹಿಡಿದು ಬಂದಳು. ಅತ್ತೆ ನೈಟಿಯಲ್ಲಿ ಕಂಡಿಕೆ ಸುತ್ತುತ್ತ ಕೂತಿದ್ದರು. ನನಗೆ ನಾಚಿಕೆಯಾಯಿತು.

‘ಅತ್ತೀ, ಮಂದಿ ಮುಂದ ಹಿಂಗ ಕುಂದರಬ್ಯಾಡ್ರಿ. ನಮ್ಮ ಸಂಸ್ಕೃತಿ ನೋಡಾಕ ಬಂದಾರ. ಸೀರಿ ಉಟಗೊಂಡು ಬರ್ರಿ.’

ಹೇಳಿದ ನಾನು ಚೂಡಿದಾರ ತೊಟ್ಟಿದ್ದೆ. ಬಾಗಿಲಲ್ಲಿದ್ದ ಮಾದೇವಿ, ‘ಕಾಳವ್ವಕ್ಕ, ತೊಡಿಸಿದಾಕೀನೂ ಸೊಸಿ, ಬಿಚ್ಚಿಸಿದಾಕೀನೂ ಸೊಸಿ,’ ಎಂದು ನಕ್ಕಳು. ಅತ್ತೆ ನಗಲಿಲ್ಲ. ಕೆಂಪು ಸೆರಗನ್ನು ತಲೆ ಮೇಲೆ ಹೊದ್ದು ಬಂದು ಫೋಟೋಕ್ಕೆ ಕೂತರು. ‘ಎಷ್ಟು ಚೆಂದ ಕಾಣ್ತಾರ,’ ಎಂದಳು ಶೈಲಶ್ರೀ. ನಾನೂ ಹೂಂ ಎಂದೆ.

ಇವತ್ತು ಕೂಸಿಗೆ ಎರೆಯಲು ನಾನೊಬ್ಬಳೇ ಕೂತೆ. ತೊಯ್ದ ಬಟ್ಟೆ ಕಾಲಿಗೆ ಅಂಟಿಕೊಂಡಾಗ, ಅವರ ಅತ್ತೆ ಆಡಿದ್ದ ಮಾತನ್ನೇ ನಾನೂ ಆಡಿದ್ದೇನೆ ಎಂಬುದು ಹೊಳೆಯಿತು. ನಾಚಿಕೆಪಡಬೇಕಾದದ್ದು ಯಾವುದಕ್ಕೆಂದು ಆಗ ತಿಳಿಯಿತು.

ಗುಡೂರಿನ ಅಣ್ಣನ ಮನೆಯಲ್ಲಿ ಫೋನಿಲ್ಲ. ಆ ಮನೆಯ ಎದುರಿಗಿರುವ ದಸ್ತಗೀರಸಾಬರ ಅಂಗಡಿಗೆ ಮಾಡಬೇಕು. ನಂಬರು ಒತ್ತಿ, ರಿಂಗಾಗುವ ಮೊದಲೇ ಇಟ್ಟುಬಿಟ್ಟೆ. ಮತ್ತೆ ಒತ್ತಿದೆ. ದಸ್ತಗೀರಸಾಬರು ಹೋಗಿ ಅತ್ತೆಯನ್ನು ಕರೆತಂದರು.

‘ಕೂಸು ಆರಾಮ ಐತಿಲ್ಲವಾ?’

‘ಐತ್ರಿ. ಅತ್ತೀ, ನಂದು ತಪ್ಪಾತು.’



‘ಆ ನೈಟಿ ಇಲ್ಲಿಗಿ ಕಳಸು. ನಮ್ಮ ಅಣ್ಣನ ಹೇಣ್ತಿ ಅಳತಿಗೆ ಕೇಳಾಕತ್ತಾಳ.’

‘ನೀವು ಯಾವಾಗ ಬರ್ತೀರಿ?’

‘ನಿಮ್ಮ ಮನಿಗೆ ಮಂದಿ ಬರೂದು ಮುಗೀಲಿ.’

‘ನೈಟಿ ನಾನ ತರ್ತೇನಿ, ಅತ್ತೀ,’ ಎಂದೆ. ‘ಮಂದಿ ಮುಂದನ ಕರಕೊಂಡು ಬರ್ತೇನಿ.’